ಎಸಿಯ ಬಿಲ್ಲಿನ ಲೆಕ್ಕ: ಸೊಲ್ಲಾಪುರ ಸೀಮೆಯ ಬೇಸಿಗೆಗೊಂದು ಸಮೀಕ್ಷೆ

ಹೋಳಿ ಹುಣ್ಣಿಮೆ ದಾಟಿತೆಂದರೆ ಸೊಲ್ಲಾಪುರದ ಅಂಗಡಿಗಳಲ್ಲಿ ಎಸಿ ಕೊಳ್ಳಲು ಬಂದವರು ಬೆಲೆಗಿಂತ ಮೊದಲು ಕೇಳುವ ಪ್ರಶ್ನೆ ಒಂದೇ: "ತಿಂಗಳಿಗೆ ಬಿಲ್ ಎಷ್ಟ ಬರ್ತದ್ರಿ?" ಎಸಿಯ ಬೆಲೆಯನ್ನು ಕಂತಿನಲ್ಲಿ ಕಟ್ಟಿ ಮುಗಿಸಬಹುದು. ಬಿಲ್ಲು ಮಾತ್ರ ಪ್ರತಿ ಬೇಸಿಗೆಗೂ ಬರುತ್ತದೆ. ಅಂಜಿಕೆ ಇರುವುದು ಅದರದೇ. ಅಂಗಡಿಯವರು ಸ್ಟಾರ್ ಪಟ್ಟಿ ತೋರಿಸಿ ಕಡಿಮೆ ಹೇಳುತ್ತಾರೆ. ವೈರಿಂಗ್ ಮಾಡುವವರು "ಒಂದೂವರೆ ಟನ್ ಅಂದ್ರ ತಾಸಿಗೆ ಒಂದೂವರೆ ಯೂನಿಟ್" ಎಂದು ಹೆಚ್ಚು ಹೇಳುತ್ತಾರೆ. ಹೋದ ವರ್ಷ ಎಸಿ ಹಾಕಿಸಿಕೊಂಡ ಪಕ್ಕದ ಮನೆಯವರು ಹೇಳುವುದು ಮೂರನೆಯ ಸಂಖ್ಯೆ.

ಮೂರರಲ್ಲೂ ಒಂದಿಷ್ಟು ನಿಜವಿದೆ, ಆದರೆ ಯಾವುದೊಂದೂ ನಿಮ್ಮ ಮನೆಯ ಲೆಕ್ಕವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ವಾಡಿಕೆಯಾಗಿರುವ ಸೊಲ್ಲಾಪುರ, ಅಕ್ಕಲಕೋಟ, ದುಧನಿ, ಮೈಂದರ್ಗಿ, ಮಂದ್ರೂಪ, ಮರವಡೆಯಂಥ ಊರುಗಳಲ್ಲಿ ಎಸಿಯನ್ನು ಶೋಕಿ ಎಂದು ತಳ್ಳಿಹಾಕುವ ಕಾಲ ಮುಗಿಯಿತು. ವಯಸ್ಸಾದವರು, ಹಸುಗೂಸುಗಳು, ಬಾಣಂತಿಯರು, ಹೃದ್ರೋಗಿಗಳು ಇರುವ ಮನೆಯಲ್ಲಿ ಅದು ಆರೋಗ್ಯದ ಮಾತು. ಬಿಲ್ಲಿಗೆ ಹೆದರಿ ಎಸಿ ಹಚ್ಚದೆ ಬೆಂದವರನ್ನೂ, ಲೆಕ್ಕವಿಲ್ಲದೆ ಹಚ್ಚಿ ಜೂನ್ ತಿಂಗಳಲ್ಲಿ ಬಿಲ್ಲು ನೋಡಿ ಕಂಗಾಲಾದವರನ್ನೂ ನಮ್ಮ ಸುತ್ತ ಕಾಣುತ್ತೇವೆ. ಇಬ್ಬರಿಗೂ ಬೇಕಾದದ್ದು ಸರಿಯಾದ ಅಂದಾಜು.

ಅಂದಾಜಿಗೆ ಎರಡೇ ಭಾಗ. ಎಸಿ ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದು ಒಂದು, ಆ ಯೂನಿಟ್ಟಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದು ಇನ್ನೊಂದು. ಹೆಚ್ಚಿನವರು ತಪ್ಪುವುದು ಎರಡನೆಯದರಲ್ಲಿ.

ಟನ್ನು ಮತ್ತು ಸ್ಟಾರು

ಟನ್ ಎನ್ನುವುದು ಯಂತ್ರದ ತೂಕವೂ ಅಲ್ಲ, ಕರೆಂಟಿನ ಅಳತೆಯೂ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖಕ್ಕೆ ಸಮನಾದ ತಂಪು ಕೊಡುವ ಸಾಮರ್ಥ್ಯ ಅದು. ಇಂದಿನ ಅಳತೆಯಲ್ಲಿ ಒಂದು ಟನ್ ಎಂದರೆ ಸುಮಾರು 3.5 ಕಿಲೋವಾಟ್, ಒಂದೂವರೆ ಟನ್ ಎಂದರೆ 5.25 ಕಿಲೋವಾಟ್ ಶಾಖ. ಎಸಿ ಈ ಶಾಖವನ್ನು ಕೋಣೆಯಿಂದ ಎತ್ತಿ ಹೊರಗೆ ಸಾಗಿಸುತ್ತದೆ. ಸಾಗಿಸುವ ಕೂಲಿಯಷ್ಟೇ ನಮ್ಮ ಕರೆಂಟು. ಒಂದು ಯೂನಿಟ್ ಕರೆಂಟಿನಲ್ಲಿ ಎಷ್ಟು ಯೂನಿಟ್ ಶಾಖ ಹೊರಹೋಯಿತು ಎಂಬ ಋತುಮಾನದ ಸರಾಸರಿಗೆ ಐಎಸ್‌ಇಇಆರ್ ಎಂದು ಹೆಸರು. ಸ್ಟಾರ್ ಪಟ್ಟಿಯ ಮೇಲೆ ಈ ಅಂಕ ಅಚ್ಚಾಗಿರುತ್ತದೆ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ ಬಿಇಇ 2022ರ ಜುಲೈಯಲ್ಲಿ ಜಾರಿಗೆ ತಂದ ಪಟ್ಟಿಯಲ್ಲಿ ಸ್ಪ್ಲಿಟ್ ಎಸಿಗೆ ಐದು ಸ್ಟಾರ್ ಸಿಗಬೇಕಾದರೆ ಈ ಅಂಕ 5 ಅಥವಾ ಅದಕ್ಕಿಂತ ಹೆಚ್ಚಿರಬೇಕಿತ್ತು, ಮೂರು ಸ್ಟಾರಿಗೆ 3.8 ಸಾಕಿತ್ತು. ಪಟ್ಟಿ ಕಾಲಕಾಲಕ್ಕೆ ಬಿಗಿಯಾಗುತ್ತ ಹೋಗುತ್ತದೆ. ಆದ್ದರಿಂದ ಐದಾರು ವರ್ಷದ ಹಿಂದಿನ ಐದು ಸ್ಟಾರನ್ನು ಇಂದಿನ ಐದು ಸ್ಟಾರಿನೊಡನೆ ಹೋಲಿಸಬಾರದು. ಸ್ಟಾರ್ ಎಣಿಸುವ ಬದಲು ಅಂಕ ನೋಡುವುದು ಒಳ್ಳೆಯದು.

ಅದೇ ಪಟ್ಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಸಂಖ್ಯೆಯೂ ಇರುತ್ತದೆ. 2022ರ ಅಂಕಗಳಂತೆ ಒಂದೂವರೆ ಟನ್ನಿನ ಐದು ಸ್ಟಾರಿಗೆ ಅದು ಸುಮಾರು 750, ಮೂರು ಸ್ಟಾರಿಗೆ 950ರ ಮೇಲೆ ಇತ್ತು. ಅಂಗಡಿಯ ಲೆಕ್ಕ ಹುಟ್ಟುವುದು ಇಲ್ಲಿಂದ. ಆ ಸಂಖ್ಯೆ ವರ್ಷಕ್ಕೆ 1,600 ಗಂಟೆಯ ಬಳಕೆಯನ್ನು ಹಿಡಿದು ಕಟ್ಟಿದ್ದು. ಹೊರಗೆ 24ರಿಂದ 43 ಡಿಗ್ರಿಯವರೆಗಿನ ಬೇರೆ ಬೇರೆ ಬಿಸಿಗೆ ಇಷ್ಟಿಷ್ಟು ಗಂಟೆ ಎಂದು ಹಂಚಿ, ಒಳಗೆ 27 ಡಿಗ್ರಿ ಇಟ್ಟುಕೊಂಡು ಮಾಡುವ ಲೆಕ್ಕ ಅದು. 1,600ರಿಂದ ಭಾಗಿಸಿದರೆ ಐದು ಸ್ಟಾರಿಗೆ ಗಂಟೆಗೆ ಅರ್ಧ ಯೂನಿಟ್ಟಿಗೂ ಕಡಿಮೆ ಬರುತ್ತದೆ. ಆದರೆ ನಮ್ಮಲ್ಲಿ ಎಸಿ ಓಡುವುದು ದೇಶದ ಸರಾಸರಿ ಹವೆಯಲ್ಲಲ್ಲ, ಸುಡುಬೇಸಿಗೆಯಲ್ಲಿ. ರಿಮೋಟಿನಲ್ಲಿ 27 ಇಡುವವರೂ ವಿರಳ. ಎರಡು ಎಸಿಗಳಲ್ಲಿ ಯಾವುದು ಮೇಲು ಎಂದು ಆರಿಸಲು ಈ ಪಟ್ಟಿ ನಂಬಿಕೆಯ ಸಾಧನ. ಬಿಲ್ಲು ಲೆಕ್ಕ ಹಾಕಲು ಅಲ್ಲ.

ವೈರಿಂಗಿನವರ ಮಾತು ಇದರ ಎದುರು ತುದಿ. ಒಂದೂವರೆ ಟನ್ನಿನ ಎಸಿ ಪೂರ್ಣ ಬಲದಲ್ಲಿ ಓಡುವಾಗ 1,400ರಿಂದ 1,700 ವಾಟ್ ಎಳೆಯುವುದು ನಿಜ. ಕಾದ ಕೋಣೆಯನ್ನು ಮೊದಲ ಅರ್ಧ ತಾಸು ತಂಪು ಮಾಡುವಾಗ ಹೀಗೆಯೇ ಆಗುತ್ತದೆ. ಕೋಣೆ ಒಮ್ಮೆ ತಂಪಾದರೆ ಹಳೆಯ ಬಗೆಯ ಎಸಿಯ ಕಂಪ್ರೆಸರ್ ನಿಂತು ನಿಂತು ಓಡುತ್ತದೆ. ಇನ್ವರ್ಟರ್ ಎಸಿಯ ಕಂಪ್ರೆಸರ್ ನಿಲ್ಲದೆ ವೇಗ ಇಳಿಸಿಕೊಂಡು 400, 500 ವಾಟಿಗೆ ಬರುತ್ತದೆ. ಮೇಲೆ ಬರಿಯ ಆರ್‌ಸಿಸಿ ಛತ್ತು ಇರುವ ಮಲಗುವ ಕೋಣೆಯಲ್ಲಿ 24, 25 ಡಿಗ್ರಿಗೆ ಇಟ್ಟ ಐದು ಸ್ಟಾರ್ ಇನ್ವರ್ಟರ್ ಎಸಿ ಮೇ ತಿಂಗಳ ರಾತ್ರಿ ಎಂಟು ತಾಸಿಗೆ ಐದರಿಂದ ಆರೂವರೆ ಯೂನಿಟ್ ತಿನ್ನುತ್ತದೆ ಎಂದು ಹಿಡಿಯುವುದು ಅಂಗಡಿಯ ಲೆಕ್ಕಕ್ಕಿಂತಲೂ ವೈರಿಂಗಿನವರ ಲೆಕ್ಕಕ್ಕಿಂತಲೂ ನಿಜಕ್ಕೆ ಹತ್ತಿರ.

ಮೀಟರಿನ ದೀಪ ಎಣಿಸುವುದು

ಈ ಅಂದಾಜನ್ನೂ ನೀವು ನಂಬಿ ಕೂಡಬೇಕಿಲ್ಲ. ಮನೆಯ ಮುಂದೆಯೇ ಮೀಟರಿದೆ. ಅದರ ಮೇಲೆ ಮಿಣುಕುವ ಸಣ್ಣ ಕೆಂಪು ದೀಪವೊಂದಿರುತ್ತದೆ. ಪಕ್ಕದಲ್ಲಿ, ಒಂದು ಯೂನಿಟ್ಟಿಗೆ ಆ ದೀಪ ಎಷ್ಟು ಸಲ ಮಿಣುಕುತ್ತದೆ ಎಂಬ ಸಂಖ್ಯೆ ಬರೆದಿರುತ್ತದೆ. ಬಹಳಷ್ಟು ಮೀಟರುಗಳಲ್ಲಿ ಅದು 3,200. ಫ್ರಿಜ್, ಪಂಪು, ಟಿವಿ ಬಂದ್ ಮಾಡಿ ಎಸಿ ಒಂದನ್ನೇ ಹಚ್ಚಿ. ಮೊಬೈಲಿನ ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. 80 ಸಲ ಮಿಣುಕಿದರೆ ಅದನ್ನು 60ರಿಂದ ಗುಣಿಸಿ 3,200ರಿಂದ ಭಾಗಿಸಿ: ಎಸಿ ಆ ಹೊತ್ತಿಗೆ ಒಂದೂವರೆ ಕಿಲೋವಾಟ್ ಎಳೆಯುತ್ತಿದೆ. ಒಂದು ತಾಸು ಬಿಟ್ಟು ಮತ್ತೆ ಎಣಿಸಿ. 27ಕ್ಕೆ ಇಳಿದಿದ್ದರೆ ಅರ್ಧ ಕಿಲೋವಾಟ್. ಇಳಿಯದೆ 70ರಲ್ಲೇ ನಿಂತಿದ್ದರೆ ಬಾಗಿಲ ಸಂದಿನಿಂದ ಗಾಳಿ ಹೋಗುತ್ತಿರಬಹುದು, ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು, ಛತ್ತು ವಿಪರೀತ ಕಾದಿರಬಹುದು, ಇಲ್ಲವೇ ಕೋಣೆಗೆ ಆ ಎಸಿ ಸಾಲದಿರಬಹುದು.

ಇನ್ನೂ ಸರಳವಾದದ್ದು ರಾತ್ರಿಯ ರೀಡಿಂಗ್. ಎಸಿ ಹಚ್ಚಿದ ದಿನ ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಮೀಟರ್ ನೋಡಿ ಬರೆದಿಡಿ. ಹಚ್ಚದ ದಿನವೂ ಹಾಗೆಯೇ ಬರೆಯಿರಿ. ಎರಡರ ಅಂತರವೇ ನಿಮ್ಮ ಎಸಿಯ ರಾತ್ರಿಯ ಊಟ. ನಾಲ್ಕಾರು ರಾತ್ರಿಯ ಸರಾಸರಿ ಸಿಕ್ಕರೆ ತಿಂಗಳಿಗೆ ಎಷ್ಟೆಂದು ಹೇಳಲು ಬೇರೆ ಯಾರೂ ಬೇಕಿಲ್ಲ.

ಕೊನೆಯ ಯೂನಿಟ್ಟಿನ ಬೆಲೆ

ಇನ್ನು ರೂಪಾಯಿಯ ಮಾತು. ಮಹಾರಾಷ್ಟ್ರದ ಕರೆಂಟ್ ಕಂಪನಿ ಮಹಾವಿತರಣದ ಮನೆ ಬಿಲ್ಲು ತೆರೆದರೆ ಮರಾಠಿಯಲ್ಲಿ ಸ್ಥಿರ ಆಕಾರ (ನಿಗದಿತ ಶುಲ್ಕ), ವೀಜ ಆಕಾರ (ಯೂನಿಟ್ಟಿನ ದರ), ವಹನ ಆಕಾರ (ಸಾಗಣೆ ಶುಲ್ಕ), ಇಂಧನ ಸಮಾಯೋಜನ ಆಕಾರ (ಇಂಧನ ಹೊಂದಾಣಿಕೆ ಶುಲ್ಕ), ವೀಜ ಶುಲ್ಕ (ವಿದ್ಯುತ್ ತೆರಿಗೆ) ಎಂದು ಸಾಲಾಗಿ ಇರುತ್ತವೆ. ವೀಜ ಆಕಾರ ಹಂತ ಹಂತವಾಗಿ ಏರುತ್ತದೆ: ಮೊದಲ 100 ಯೂನಿಟ್ಟಿಗೊಂದು ದರ, 101ರಿಂದ 300ಕ್ಕೆ ಇನ್ನೊಂದು, 301ರಿಂದ 500ಕ್ಕೆ ಮತ್ತೊಂದು, 500 ದಾಟಿದರೆ ಎಲ್ಲಕ್ಕಿಂತ ಹೆಚ್ಚು. 2024-25ರಲ್ಲಿ ವಹನ ಆಕಾರ ಸೇರಿಸಿ ಈ ನಾಲ್ಕು ಹಂತಗಳ ದರ ಕ್ರಮವಾಗಿ 5.88, 11.46, 15.72 ಮತ್ತು 17.81 ರೂಪಾಯಿ ಇತ್ತು. ಇದರ ಮೇಲೆ 16 ಶೇಕಡಾ ವೀಜ ಶುಲ್ಕ. ದರಗಳು ಆದೇಶದಿಂದ ಆದೇಶಕ್ಕೆ ಬದಲಾಗುತ್ತವೆ. ಆದರೆ ಬಳಕೆ ಏರಿದಷ್ಟೂ ಯೂನಿಟ್ ತುಟ್ಟಿಯಾಗುವ ಈ ಕಟ್ಟು ಹಳೆಯದು. ನಿಮ್ಮ ಈ ತಿಂಗಳ ಬಿಲ್ಲಿನ ದರ ಹಾಕಿಕೊಂಡು ಇದೇ ಲೆಕ್ಕ ಮಾಡಬಹುದು.

ಎಸಿ ಇಲ್ಲದೆ ತಿಂಗಳಿಗೆ 180 ಯೂನಿಟ್ ಬಳಸುವ ಮನೆಯೊಂದನ್ನು ತೆಗೆದುಕೊಳ್ಳೋಣ. ಆ ದರದಲ್ಲಿ 128 ರೂಪಾಯಿ ಸ್ಥಿರ ಆಕಾರ ಮತ್ತು ಶುಲ್ಕ ಸೇರಿ, ಇಂಧನ ಸಮಾಯೋಜನ ಬಿಟ್ಟು, ಬಿಲ್ಲು ಸುಮಾರು 1,894. ಯೂನಿಟ್ಟಿಗೆ ಸರಾಸರಿ ಹತ್ತೂವರೆ ರೂಪಾಯಿ. ಈಗ ದಿನಕ್ಕೆ ಆರು ಯೂನಿಟ್ಟಿನ ಎಸಿ ಬಂತು, ತಿಂಗಳಿಗೆ 180. ಹತ್ತೂವರೆಯಿಂದ ಗುಣಿಸಿ 1,900 ಹೆಚ್ಚಾದೀತು ಎಂದುಕೊಂಡರೆ ಲೆಕ್ಕ ಹಳಿ ತಪ್ಪುತ್ತದೆ. ಅಗ್ಗದ ಮೊದಲ 100 ಯೂನಿಟ್ಟನ್ನು ದೀಪ, ಫ್ಯಾನು, ಫ್ರಿಜ್ಜು ಆಗಲೇ ಉಂಡಿವೆ. ಎಸಿಯ ಮೊದಲ 120 ಯೂನಿಟ್ 11.46ರ ಹಂತಕ್ಕೂ, ಉಳಿದ 60 ಯೂನಿಟ್ 15.72ರ ಹಂತಕ್ಕೂ ಬೀಳುತ್ತವೆ. ಶುಲ್ಕ ಸೇರಿ ಹೆಚ್ಚುವರಿ 2,689 ರೂಪಾಯಿ. ಎಸಿಯ ಪ್ರತಿ ಯೂನಿಟ್ಟಿಗೆ ಹದಿನೈದು ರೂಪಾಯಿಯಂತಾಯಿತು. ಒಟ್ಟು ಬಿಲ್ಲು 4,583.

ಅದೇ ಮನೆಯಲ್ಲಿ ಹಳೆಯ ಎಸಿಯನ್ನು 18 ಡಿಗ್ರಿಗೆ ಇಟ್ಟು ರಾತ್ರಿ ಎಂಟು ತಾಸು, ಮಧ್ಯಾಹ್ನ ನಾಲ್ಕು ತಾಸು ಓಡಿಸಿದರೆ? ತಾಸಿಗೆ 1.3 ಯೂನಿಟ್ ಹಿಡಿದರೂ ತಿಂಗಳಿಗೆ 468 ಯೂನಿಟ್, ಒಟ್ಟು 648. ಕೊನೆಯ 148 ಯೂನಿಟ್ 500 ದಾಟಿದ ಹಂತದವು. ಶುಲ್ಕ ಸೇರಿ ಅವುಗಳಲ್ಲಿ ಒಂದೊಂದಕ್ಕೂ 20 ರೂಪಾಯಿ 66 ಪೈಸೆ. ಎಸಿಯೊಂದರ ಹೊರೆಯೇ 8,300 ರೂಪಾಯಿ. ಮೊದಲ ಲೆಕ್ಕಕ್ಕಿಂತ ಯೂನಿಟ್ ಎರಡೂವರೆ ಪಟ್ಟು ಹೆಚ್ಚಾದರೆ ರೂಪಾಯಿ ಮೂರು ಪಟ್ಟು ಹೆಚ್ಚಿತು. ಪಕ್ಕದ ಮನೆಯವರ ಸಂಖ್ಯೆ ನಮ್ಮ ಮನೆಗೆ ಹೊಂದದಿರುವುದೂ ಇದಕ್ಕಾಗಿಯೇ. ಅವರ ಎಸಿ ಯಾವ ಹಂತದ ಮೇಲೆ ಕೂತಿದೆಯೋ ನಮ್ಮದು ಅಲ್ಲಿ ಕೂತಿಲ್ಲ. ಎಸಿಯ ಖರ್ಚನ್ನು ಬಿಲ್ಲಿನ ಸರಾಸರಿ ದರದಿಂದ ಗುಣಿಸದೆ, ಮನೆಯ ಬಳಕೆ ಮುಗಿದ ಹಂತದಿಂದ ಮೇಲಕ್ಕೆ ಎಣಿಸಬೇಕು.

ಗಡಿಯಾಚೆಯ ಬಿಲ್ಲು

ಅಕ್ಕಲಕೋಟದವರ ಬೀಗರು ಆಳಂದದಲ್ಲೋ ಅಫಜಲಪುರದಲ್ಲೋ ಇಂಡಿಯಲ್ಲೋ ಇರುವುದು ಸಹಜ. ಬಿಲ್ಲಿನ ಹೋಲಿಕೆಯೂ ಅಷ್ಟೇ ಸಹಜ. "ಅಲ್ಲಿ ಕರೆಂಟ್ ಪುಕ್ಕಟೆ" ಎನ್ನುವ ಮಾತು ಎಸಿಯ ಮಟ್ಟಿಗೆ ಅರ್ಧವೇ ಸರಿ. ಕರ್ನಾಟಕ 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಹಂತಗಳನ್ನು ತೆಗೆದು ಯೂನಿಟ್ಟಿಗೆ 5.90ರ ಒಂದೇ ದರ ಮಾಡಿತು. 2023ರಲ್ಲಿ ಬಂದ, ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್. ಮಿತಿ ದಾಟಿದ ತಿಂಗಳು ಇಡೀ ಬಿಲ್ಲು ಕಟ್ಟಬೇಕು. 130 ಯೂನಿಟ್ ಬಳಸಿ ಏನೂ ಕಟ್ಟದಿದ್ದ ಮನೆ ಎಸಿಯ 180 ಸೇರಿ 310ಕ್ಕೆ ಹೋಯಿತೆನ್ನಿ. 2024-25ರ ದರದಲ್ಲಿ 9 ಶೇಕಡಾ ತೆರಿಗೆ, ಎರಡು ಕಿಲೋವಾಟಿನ ನಿಗದಿತ ಶುಲ್ಕ 240 ರೂಪಾಯಿ ಸೇರಿ ಸುಮಾರು 2,230 ರೂಪಾಯಿ ಬಿಲ್ಲು. ಸೊನ್ನೆಯಿಂದ ಇಲ್ಲಿಗೆ ಏರಿಸಿದ್ದು ಎಸಿ. ಹಾಗೆ ನೋಡಿದರೆ ಅದರ ಯೂನಿಟ್ ಬಿದ್ದದ್ದು ಹನ್ನೆರಡು ರೂಪಾಯಿಗೂ ಹೆಚ್ಚು. ಗಡಿಯ ಈಚೆ ಹಂತದ ಏಣಿ, ಆಚೆ 200ರ ಗೆರೆ. ಎರಡೂ ಕಡೆ ಎಸಿಯ ಯೂನಿಟ್ ಮನೆಯ ಉಳಿದ ಯೂನಿಟ್ಟಿಗಿಂತ ತುಟ್ಟಿ.

ಛತ್ತು, ರಿಮೋಟು, ಫ್ಯಾನು

ಯೂನಿಟ್ ಇಷ್ಟು ತುಟ್ಟಿಯಾದ ಮೇಲೆ ಅದನ್ನು ಉಳಿಸುವ ದಾರಿಗಳಿಗೂ ಅಷ್ಟೇ ಬೆಲೆ ಬರುತ್ತದೆ. ಮೊದಲನೆಯದು ತಲೆಯ ಮೇಲೆಯೇ ಇದೆ. ನಮ್ಮ ಹಿರಿಯರ ಮಾಳಿಗೆ ಮನೆಗಳಲ್ಲಿ ದಪ್ಪ ಮಣ್ಣಿನ ಹೊದಿಕೆ ಇರುತ್ತಿತ್ತು. ಹಗಲಿನ ಬಿಸಿ ಒಳಗಿಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಈಗಿನ ಐದಿಂಚು ಆರ್‌ಸಿಸಿ ಹಗಲೆಲ್ಲ ಕಾದು, ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೋಣೆಗೆ ಇಳಿಸುತ್ತದೆ. ಪತ್ರಾಸಿನ ಮನೆಯಲ್ಲಿ ಹಗಲು ಇನ್ನೂ ಕಷ್ಟ. ಹನ್ನೆರಡಕ್ಕೆ ಹನ್ನೆರಡು ಅಡಿಯ ಕೋಣೆಗೆ ಮೇ ತಿಂಗಳ ಬಿಸಿಲಲ್ಲಿ ಬರಿಯ ಆರ್‌ಸಿಸಿ ಛತ್ತಿನಿಂದಲೇ ಸುಮಾರು ಒಂದೂವರೆ ಕಿಲೋವಾಟ್ ಶಾಖ ಇಳಿಯುತ್ತದೆ ಎಂದು ಲೆಕ್ಕ ಹಾಕಬಹುದು. ಒಂದೂವರೆ ಟನ್ನಿನ ಎಸಿಯ ಶಕ್ತಿಯಲ್ಲಿ ಕಾಲು ಪಾಲಿಗೂ ಹೆಚ್ಚು ಇದನ್ನು ಹೊರಹಾಕುವುದಕ್ಕೇ ಹೋಗುತ್ತದೆ. ಶಿವರಾತ್ರಿಯ ಹೊತ್ತಿಗೆ ಛತ್ತಿಗೆ ಬಿಳಿ ಸುಣ್ಣವನ್ನೋ ಬಿಸಿಲು ತಿರುಗಿಸುವ ಬಿಳಿ ಬಣ್ಣವನ್ನೋ ಎರಡು ಕೈ ಬಳಿದರೆ ಒಳಗಿನ ಬಿಸಿ ಎರಡು ಮೂರು ಡಿಗ್ರಿ ತಗ್ಗುತ್ತದೆ. ಎಸಿ ಇಲ್ಲದ ಮನೆಗೂ ಇದು ಅಷ್ಟೇ ಉಪಕಾರಿ.

ಎರಡನೆಯದು ರಿಮೋಟ್. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಎನ್ನುತ್ತದೆ ಬಿಇಇ. 2020ರ ಜನವರಿಯಿಂದ ಮಾರುವ ಸ್ಟಾರ್ ಎಸಿಗಳೆಲ್ಲ ಹಚ್ಚಿದೊಡನೆ 24ಕ್ಕೆ ಬರುವಂತೆ ನಿಯಮವಾದದ್ದು ಇದಕ್ಕಾಗಿ. 20ರ ಬದಲು 26 ಇಟ್ಟು ಫ್ಯಾನನ್ನು ಮಧ್ಯಮ ವೇಗದಲ್ಲಿ ಬಿಟ್ಟರೆ ಮೈಗೆ ಹಿತವೂ ಆಗುತ್ತದೆ, ಕರೆಂಟೂ ಮೂವತ್ತು ಶೇಕಡಾದಷ್ಟು ಇಳಿಯುತ್ತದೆ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕಾದ ಕೋಣೆಯಲ್ಲಿ ಎಸಿ ಮೊದಲಿಗೆ ಹೇಗೂ ಪೂರ್ಣ ಬಲದಲ್ಲೇ ಓಡುತ್ತದೆ, 18 ಎಂದರೆ ಅದು ಇಳಿಯುವುದೇ ಇಲ್ಲ, ಅಷ್ಟೇ. ನಮ್ಮ ಕಡೆಯ ಧೂಳಿಗೆ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಹೊರಗಿನ ಯೂನಿಟ್ಟನ್ನು ಪಡುವಣ ಬಿಸಿಲಿನ ಗೋಡೆಗೆ ಹಾಕದಿರುವುದು, ಬಾಗಿಲಿನ ಸಂದಿಗೆ ಪಟ್ಟಿ ಹಚ್ಚುವುದು, ಇವೆಲ್ಲ ಖರ್ಚಿಲ್ಲದ ಅಥವಾ ಕಡಿಮೆ ಖರ್ಚಿನ ಕೆಲಸಗಳು.

ಕೂಲರ್ ಇದ್ದರೆ ಸಾಲದೆ?

ಸೊಲ್ಲಾಪುರ ಸೀಮೆಯ ಏಪ್ರಿಲ್, ಮೇ ಒಣ ಬೇಸಿಗೆ. ಗಾಳಿ ಒಣಗಿದಷ್ಟೂ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಧ್ಯಾಹ್ನ 41 ಡಿಗ್ರಿ ಬಿಸಿ, 20 ಶೇಕಡಾ ತೇವಾಂಶ ಇದ್ದಾಗ ಒಳ್ಳೆಯ ಜೊಂಡಿನ ಕೂಲರಿನಿಂದ ಹೊರಬರುವ ಗಾಳಿ 27, 28 ಡಿಗ್ರಿಗೆ ಇಳಿದಿರುತ್ತದೆ. 180 ವಾಟಿನ ಕೂಲರ್ ಎಂಟು ತಾಸಿಗೆ ಒಂದೂವರೆ ಯೂನಿಟ್ಟಿಗಿಂತ ಹೆಚ್ಚು ತಿನ್ನುವುದಿಲ್ಲ. ನಮ್ಮ 180 ಯೂನಿಟ್ಟಿನ ಮನೆಯಲ್ಲಿ ತಿಂಗಳಿಗೆ 600 ರೂಪಾಯಿಯ ಒಳಗೆ ಮುಗಿಯುತ್ತದೆ. ಕಿಟಕಿ ತೆರೆದಿಟ್ಟು ಗಾಳಿ ಹೊರಹೋಗಲು ದಾರಿ ಬಿಡಬೇಕೆಂಬುದನ್ನು ಮರೆತರೆ ಮಾತ್ರ ಕೋಣೆ ಜಿಗುಟಾಗುತ್ತದೆ.

ಕೂಲರಿನ ನಿಜವಾದ ಖರ್ಚು ನೀರು. ಎಂಟು ತಾಸಿಗೆ 40ರಿಂದ 60 ಲೀಟರ್ ಬೇಕು, ದೊಡ್ಡದಾದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನಲ್ಲಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಬರುವ ನಗರದಲ್ಲಿ, ಟ್ಯಾಂಕರಿಗೆ ಕಾಯುವ ಹಳ್ಳಿಯಲ್ಲಿ ಇದು ಸಣ್ಣ ಮಾತಲ್ಲ. ಹಾಗೆಂದು ಎಸಿಗೆ ನೀರೇ ಬೇಡ ಎನ್ನುವಂತಿಲ್ಲ. ಅದರ ಕರೆಂಟು ತಯಾರಾಗುವ ಕಲ್ಲಿದ್ದಲ ಸ್ಥಾವರದಲ್ಲಿ ಒಂದು ಯೂನಿಟ್ಟಿಗೆ ಎರಡೂವರೆ ಮೂರು ಲೀಟರ್ ನೀರು ಆವಿಯಾಗುತ್ತದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ 1,320 ಮೆಗಾವಾಟಿನ ಎನ್‌ಟಿಪಿಸಿ ಸ್ಥಾವರಕ್ಕೂ, ಸೊಲ್ಲಾಪುರದ ನಲ್ಲಿಗಳಿಗೂ ಉಜನಿ ಜಲಾಶಯವೇ ನೀರಿನ ಮುಖ್ಯ ಆಸರೆ. ಆದರೂ ರಾತ್ರಿಯ ಆರು ಯೂನಿಟ್ಟಿಗೆ ಅದು ಹದಿನೈದು ಹದಿನೆಂಟು ಲೀಟರ್. ನೀರಿನ ಲೆಕ್ಕದಲ್ಲಿ ಎಸಿ, ಹಣದ ಲೆಕ್ಕದಲ್ಲಿ ಕೂಲರ್ ಮುಂದು. ಮಿರಗದ ಮಳೆ ಶುರುವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ಕೂಲರ್ ಸೋಲುತ್ತದೆ, ಆಗ ಹೊರಗಿನ ಬಿಸಿಯೂ ಇಳಿದಿರುವುದರಿಂದ ಎಸಿ ಕಡಿಮೆ ತಿನ್ನುತ್ತದೆ. ಎರಡೂ ಇರುವ ಮನೆ ಹಗಲು ಕೂಲರ್, ರಾತ್ರಿ ಎಸಿ ಎಂದು ಹಂಚಿಕೊಂಡರೆ ಮೂರನೆಯ ಹಂತ ದಾಟದೆ ಬೇಸಿಗೆ ಕಳೆಯಬಹುದು.

ಕೊಳ್ಳುವ ಮೊದಲು

ಐದು ಸ್ಟಾರಿನ ಹೆಚ್ಚಿನ ಬೆಲೆ ಮರಳುತ್ತದೆಯೇ? 3.8 ಅಂಕದ ಎಸಿ ಒಂದು ಬೇಸಿಗೆಗೆ 550 ಯೂನಿಟ್ ತಿಂದರೆ 5 ಅಂಕದ್ದು ಸುಮಾರು 420ರಲ್ಲಿ ಮುಗಿಸುತ್ತದೆ. 130 ಯೂನಿಟ್, ಹದಿನೈದು ರೂಪಾಯಿಯಂತೆ ವರ್ಷಕ್ಕೆ ಸುಮಾರು 1,950 ಉಳಿತಾಯ. ಬೆಲೆಯ ಅಂತರ ಎಂಟು ಸಾವಿರವಾದರೆ ನಾಲ್ಕು ಬೇಸಿಗೆಗೆ ಮರಳುತ್ತದೆ. ಅತಿಥಿಗಳು ಬಂದಾಗ ಮಾತ್ರ ಹಚ್ಚುವ ಕೋಣೆಗೆ ಮೂರು ಸ್ಟಾರ್ ಸಾಕು. 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಾಕ್ಕೆ ಇಳಿದಿದೆ. ಉಳಿದ ಹಣವನ್ನು ಮೇಲಿನ ಅಂಕಕ್ಕೆ ಹಾಕುವುದು ಜಾಣತನ.

ಛತ್ತು ಸ್ವಂತದ್ದಾದರೆ ಸೌರ ಫಲಕದ ಮಾತೂ ಬರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿನವರೆಗೆ ಕಿಲೋವಾಟಿಗೆ 30,000, ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನವಿದೆ. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವಾಟ್ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ನೆಟ್ ಮೀಟರ್ ಇದ್ದರೆ ಹಗಲಿನ ಯೂನಿಟ್ ರಾತ್ರಿಯದಕ್ಕೆ ವಜಾ ಆಗುತ್ತದೆ. ಹಾಗೆ ವಜಾ ಆಗುವುದು ಏಣಿಯ ಮೇಲಿನ ತುಟ್ಟಿ ಯೂನಿಟ್ಟುಗಳು. ಎಸಿಯ 180 ಯೂನಿಟ್ಟಿಗೆ ಒಂದೂವರೆ ಕಿಲೋವಾಟ್ ಸಾಕು. ಬಿಸಿಲು ಹೆಚ್ಚಿದ ತಿಂಗಳಲ್ಲೇ ಎಸಿಯ ಹಸಿವೂ ಹೆಚ್ಚುವುದರಿಂದ ಎರಡಕ್ಕೂ ಒಳ್ಳೆಯ ಹೊಂದಿಕೆ.

ಇದು ಮನೆಮನೆಯ ಮಾತಷ್ಟೇ ಆಗಿ ಉಳಿಯುವುದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ತಂಪಿನ ಕ್ರಿಯಾಯೋಜನೆ 2037-38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಎಂಟು ಪಟ್ಟಾದೀತೆಂದು ಅಂದಾಜಿಸಿತ್ತು. ಆ ಬೇಡಿಕೆಯ ಒಂದು ಪಾಲು ಸೊಲ್ಲಾಪುರ, ಅಕ್ಕಲಕೋಟದ ಮನೆಗಳದು. ಸ್ಟಾರ್ ಪಟ್ಟಿ ಕನ್ನಡದಲ್ಲೂ ಮರಾಠಿಯಲ್ಲೂ ಓದಲು ಸಿಗಬೇಕು. ಅಂಗಡಿಯಲ್ಲಿ ಯೂನಿಟ್ಟಿನ ಜೊತೆ ದರದ ಹಂತವನ್ನೂ ತಿಳಿಸಿ ಹೇಳಬೇಕು. ಶಾಲೆಯ ವಿಜ್ಞಾನದ ತಾಸಿನಲ್ಲಿ ಮಕ್ಕಳಿಗೆ ಮೀಟರ್ ಓದಿಸಬೇಕು. ಇವು ದೊಡ್ಡ ಖರ್ಚಿನ ಕೆಲಸಗಳೇನೂ ಅಲ್ಲ.

ಕೊಳ್ಳಲು ಹೊರಟವರಿಗೆ ನಮ್ಮ ಮಾತು ಇಷ್ಟು: ಹೋದ ವರ್ಷದ ಮೇ ತಿಂಗಳ ಬಿಲ್ಲು ತೆಗೆದು ಎಷ್ಟು ಯೂನಿಟ್ಟಿಗೆ ನಿಂತಿದ್ದಿರಿ ನೋಡಿ. ಅದರ ಮೇಲೆ ರಾತ್ರಿ ಬಳಕೆಗೆ 180 ಯೂನಿಟ್ ಕೂಡಿಸಿ, ಏಣಿಯ ದರದಲ್ಲಿ ಗುಣಿಸಿ, ಶುಲ್ಕ ಸೇರಿಸಿ. ಬಂದ ಮೊತ್ತ ಸಂಸಾರಕ್ಕೆ ತಾಳುತ್ತದೆಂದರೆ ಅಂಜದೆ ತನ್ನಿ. ತಾಳದಿದ್ದರೆ ಮೊದಲು ಛತ್ತಿಗೆ ಸುಣ್ಣ ಬಳಿಸಿ, ಕೂಲರ್ ಹಾಕಿ, ಎಸಿಯನ್ನು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ. ತಂದವರು ಮೊದಲ ವಾರವೇ ಮೀಟರ್ ಓದಿ ಬರೆದಿಡಿ, ಬಿಲ್ಲು ಬರುವವರೆಗೆ ಕಾಯಬೇಡಿ.